ಹುಲ್ಲೈತೆ, ಕಾಳಿಲ್ಲ: ನಮ್ಮ ಹವಾಮಾನ ನೀತಿ ಏನನ್ನು ಅಳೆಯುತ್ತಿದೆ?

2023ರ ಅಕ್ಟೋಬರ್ ತಿಂಗಳು. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ನಮ್ಮ ಹೊಲದಲ್ಲಿ ಚಿಕ್ಕಪ್ಪ ಒಂದು ರಾಗಿ ತೆನೆ ಕಿತ್ತರು. ಅಂಗೈಯಲ್ಲಿಟ್ಟು ಉಜ್ಜಿದರು. ಊದಿದರು. ಎಲ್ಲ ಹಾರಿಹೋಯಿತು. ಕೈಯಲ್ಲಿ ಉಳಿದದ್ದು ಮೂರೋ ನಾಲ್ಕೋ ಕಾಳು. ಸುತ್ತ ಹೊಲ ಮಾತ್ರ ಹಸಿರಾಗಿಯೇ ಇತ್ತು. ರಸ್ತೆಯಲ್ಲಿ ಹೋಗುವವರು ಯಾರೇ ನೋಡಿದರೂ ಬೆಳೆ ಚೆನ್ನಾಗಿದೆ ಅನ್ನುತ್ತಿದ್ದರು. "ನೋಡಪ್ಪ, ಹುಲ್ಲೈತೆ, ಕಾಳಿಲ್ಲ" ಅಂದರು ಚಿಕ್ಕಪ್ಪ.

ಆ ವರ್ಷ ಇದಕ್ಕೊಂದು ಹೆಸರು ಬಂತು. ಹಸಿರು ಬರ. ವಿಧಾನಸೌಧದಲ್ಲೂ ಅದೇ ಮಾತು, ಕೇಂದ್ರದ ಅಧ್ಯಯನ ತಂಡದ ಮುಂದೆಯೂ ಅದೇ ಮಾತು. ರಾಜ್ಯದಲ್ಲಿ ಜೂನ್ ಮಳೆ ಕೈಕೊಟ್ಟಿತ್ತು. ಜುಲೈನಲ್ಲಿ ವಾಡಿಕೆಗಿಂತ ಜಾಸ್ತಿಯೇ ಸುರಿಯಿತು. ಜನ ಆಸೆಯಿಂದ ಕೂರಿಗೆ ಹೂಡಿದರು. ಆಮೇಲೆ ಬಂತು ಆಗಸ್ಟ್. ಆಶ್ಲೇಷ ಹೋಯಿತು, ಮಖೆ ಹೋಯಿತು, ಮೋಡ ಬರೋದು ಹೋಗೋದು ಅಷ್ಟೇ. ಇಡೀ ದೇಶಕ್ಕೆ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಮತ್ತೊಂದಿಲ್ಲ. ವಾಡಿಕೆಗಿಂತ ಶೇ 36ರಷ್ಟು ಕಡಿಮೆ ಮಳೆ. ನಮ್ಮ ಕಡೆ ರಾಗಿ ತೆಂಡೆ ಒಡೆಯುವ ಹೊತ್ತಿಗೆ, ತೆನೆ ಕಟ್ಟುವ ಹೊತ್ತಿಗೆ ನೀರಿಲ್ಲ. ಆಮೇಲೆ ಬಂದ ನಾಲ್ಕು ಹನಿಗೆ ಗಿಡ ಬದುಕಿಕೊಂಡಿತು. ಕಾಳು ಬದುಕಲಿಲ್ಲ.

ಜುಲೈ ಮಳೆಯನ್ನೂ ಆಗಸ್ಟಿನ ಒಣ ದಿನಗಳನ್ನೂ ಕೂಡಿಸಿ ಸರಾಸರಿ ತೆಗೆಯಿರಿ. ಕೊರತೆ ಅರ್ಧಕ್ಕರ್ಧ ಮುಚ್ಚಿಹೋಗುತ್ತದೆ. ಇನ್ನು ಮೇಲಿನಿಂದ ಉಪಗ್ರಹದಲ್ಲಿ ನೋಡಿದರೆ ಹೊಲ ಹಸಿರು. ನಾನು ಈ ಲೇಖನದಲ್ಲಿ ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಹವಾಮಾನ ಬದಲಾವಣೆ ನಿಜವೋ ಸುಳ್ಳೋ ಅನ್ನುವ ಚರ್ಚೆ ನಮ್ಮ ದೇಶದಲ್ಲಿ ದೊಡ್ಡದಾಗಿ ಇಲ್ಲ. ಯಾವ ಪಕ್ಷವೂ ಅದನ್ನು ಸುಳ್ಳು ಅನ್ನುವುದಿಲ್ಲ. ನಮ್ಮ ತೊಂದರೆ ಬೇರೆ. ನಾವು ಅಳೆಯುತ್ತಿರುವುದು ಒಂದು, ಹೊಲದಲ್ಲಿ ಆಗುತ್ತಿರುವುದು ಇನ್ನೊಂದು. ಅಳತೆ ತಪ್ಪಿದ ಕಡೆ ಹಣವೂ ತಪ್ಪುತ್ತದೆ.

ಮೊದಲು ವಿಜ್ಞಾನ. ಇದು ನಿನ್ನೆ ಮೊನ್ನೆಯ ವಿದ್ಯೆ ಅಲ್ಲ. ಇಂಗಾಲದ ಡೈಆಕ್ಸೈಡ್ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂತ 1850ರ ದಶಕದಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಕಲ್ಲಿದ್ದಲು ಸುಟ್ಟರೆ ಭೂಮಿ ಎಷ್ಟು ಬಿಸಿಯಾದೀತು ಅಂತ ಸ್ವೀಡನ್ನಿನ ಅರೇನಿಯಸ್ 1896ರಲ್ಲೇ ಲೆಕ್ಕ ಹಾಕಿದ್ದರು. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಸುಮಾರು 280 ಭಾಗ ಇತ್ತು. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅಳೆಯಲು ಶುರು ಮಾಡಿದಾಗ 315. ಈಗ 420 ದಾಟಿದೆ.

ಇದಕ್ಕೂ ನಮ್ಮ ರಾಗಿಗೂ ಏನು ಸಂಬಂಧ? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ದೊಡ್ಡ ಕೊಡ ತುಂಬಲು ಹೆಚ್ಚು ಹೊತ್ತು ಬೇಕು, ತುಂಬಿದ ಮೇಲೆ ಸುರಿದರೆ ಒಂದೇ ಸಲಕ್ಕೆ ಜಾಸ್ತಿ ಸುರಿಯುತ್ತದೆ. ಮಳೆಯೂ ಹಾಗೇ ಆಗುತ್ತಿದೆ. ಹದವಾಗಿ ನಾಲ್ಕು ದಿನ ಬರಬೇಕಾದ್ದು ಒಂದು ರಾತ್ರಿ ಹೊಡೆದು ಹೋಗುತ್ತದೆ. ಮಧ್ಯೆ ಒಣ ದಿನಗಳು ಉದ್ದವಾಗುತ್ತವೆ. ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಒಂದು ವರದಿ ಕೊಟ್ಟಿತು. 1901ರಿಂದ 2018ರೊಳಗೆ ದೇಶದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರೊಳಗೆ ಮುಂಗಾರು ಮಳೆ ಸುಮಾರು ಶೇ 6ರಷ್ಟು ಇಳಿದಿದೆ. ಅದೇ ಹೊತ್ತಿಗೆ ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿ.ಮೀ. ಮೀರಿ ಸುರಿಯುವ ಮಳೆಗಳು ಸುಮಾರು ಶೇ 75ರಷ್ಟು ಹೆಚ್ಚಿವೆ. ಒಟ್ಟು ಕಡಿಮೆ, ಹೊಡೆತ ಜಾಸ್ತಿ. ಎರಡೂ ಒಟ್ಟಿಗೆ ಆಗಬಹುದು ಅನ್ನೋದು ಮೊದಲ ಸಲ ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ. ಹೊಲ ಇರುವವರಿಗೆ ಅನ್ನಿಸಲ್ಲ.

ಊರಲ್ಲಿ ಈ ಮಾತು ತೆಗೆದರೆ ಹಿರಿಯರು ಹೇಳುವುದು ಒಂದೇ. "ಬರ ಏನ್ ಹೊಸದಾ? ಧಾತು ವರ್ಷದ ಬರ ಕೇಳಿಲ್ವಾ?" ಅವರ ಮಾತು ಸರಿ. 1876ರಿಂದ 78ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನದ ಐದರಲ್ಲೊಂದು ಪಾಲು ಜನ ಸತ್ತರು ಅಂತ ಅಂದಾಜಿದೆ. ತುಮಕೂರು, ಕೋಲಾರ ಕಡೆ ಅದರ ನೆನಪು ಇನ್ನೂ ಮಾತಿನಲ್ಲಿ ಉಳಿದಿದೆ. ಬಯಲುಸೀಮೆಗೆ ಬರ ಹಳೇ ನೆಂಟ. 2023ರ ಬರಕ್ಕೂ ಎಲ್ ನಿನೊ, ಅಂದರೆ ಶಾಂತಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವುದು, ಒಂದು ಕಾರಣ. ಹೀಗಾಗಿ ಯಾವುದೋ ಒಂದು ವರ್ಷದ ಬರವನ್ನು ತೋರಿಸಿ, ಇದು ಪೂರ್ತಿ ಹವಾಮಾನ ಬದಲಾವಣೆಯದೇ ಕೆಲಸ ಅಂತ ಹೇಳುವುದು ಸರಿಯಲ್ಲ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಇಡೀ ಭೂಮಿ ಎಷ್ಟು ಬಿಸಿಯಾಗುತ್ತದೆ ಅಂತ ವಿಜ್ಞಾನ ಗಟ್ಟಿಯಾಗಿ ಹೇಳುತ್ತದೆ. ಮಧುಗಿರಿಗೆ ಇನ್ನು ಇಪ್ಪತ್ತು ವರ್ಷಕ್ಕೆ ಎಷ್ಟು ಮಳೆ ಅಂತ ಅಷ್ಟು ಗಟ್ಟಿಯಾಗಿ ಹೇಳಲಾರದು.

ಆದರೆ ಹಳೇ ಬರಕ್ಕೂ ಈಗಿನದಕ್ಕೂ ಒಂದು ವ್ಯತ್ಯಾಸ ಇದೆ. ಮೊದಲು ಬರದ ವರ್ಷ, ಸುಭಿಕ್ಷದ ವರ್ಷ ಅಂತ ಬೇರೆ ಬೇರೆ ಇದ್ದವು. ಈಗ ಎರಡೂ ಒಂದೇ ವರ್ಷದಲ್ಲಿ ಬರುತ್ತಿವೆ. 2021ರ ನವೆಂಬರ್ ನೆನಪಿದೆಯಾ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕಡೆ ಮಳೆ ಬಿಡಲೇ ಇಲ್ಲ. ವರ್ಷಗಟ್ಟಲೆ ತುಂಬದ ಕೆರೆಗಳು ಕೋಡಿ ಬಿದ್ದವು. ಜನ ಬಾಗಿನ ಕೊಟ್ಟರು. ಅದೇ ವಾರ ಹೊಲದಲ್ಲಿ ಕೊಯ್ದು ಹಾಕಿದ್ದ ರಾಗಿ ಅರಿ ನೆನೆದು, ತೆನೆಯಲ್ಲೇ ಮೊಳಕೆ ಬಂತು. ಕೆರೆ ತುಂಬಿದ ಸಂತೋಷ ಒಂದು ಕಡೆ, ಕಣ ಖಾಲಿ ಆದ ಸಂಕಟ ಇನ್ನೊಂದು ಕಡೆ. ಆ ವರ್ಷದ ಒಟ್ಟು ಮಳೆ ನೋಡಿದರೆ ಎಲ್ಲರಿಗೂ ಖುಷಿ ಆಗಬೇಕು.

ಈಗ ದೆಹಲಿಗೆ ಬರೋಣ.

ಜಗತ್ತಿನ ಮುಂದೆ ಭಾರತ ಹೇಳುವ ಮಾತು 1992ರ ರಿಯೊ ಸಮ್ಮೇಳನದಿಂದ ಹೆಚ್ಚು ಬದಲಾಗಿಲ್ಲ. ಹೊಣೆ ಎಲ್ಲರದೂ ಹೌದು, ಆದರೆ ಎಲ್ಲರದೂ ಒಂದೇ ಸಮ ಅಲ್ಲ. ಮೊದಲು ಕೆಡಿಸಿದವರು ಮೊದಲು ಸರಿಪಡಿಸಲಿ. ನನಗೆ ಈ ವಾದ ಪೂರ್ತಿ ಒಪ್ಪಿಗೆ. ಇಂಗಾಲ ಉಗುಳುವ ಒಟ್ಟು ಲೆಕ್ಕದಲ್ಲಿ ನಾವು ಜಗತ್ತಿನಲ್ಲಿ ಮೂರನೆಯವರು ನಿಜ. ತಲೆ ಲೆಕ್ಕ ಹಾಕಿದರೆ ಭಾರತದ ಒಬ್ಬ ಮನುಷ್ಯ ವರ್ಷಕ್ಕೆ ಉಗುಳುವುದು ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್. ಅಮೆರಿಕದವನದು 14 ಟನ್ ಆಸುಪಾಸು. ಪಾವಗಡದ ಕುರಿ ಕಾಯುವವನ ಪಾಲು ಆ 2 ಟನ್‌ನಲ್ಲೂ ಎಷ್ಟಿರಬಹುದು, ಯೋಚಿಸಿ.

2008ರಲ್ಲಿ ಮನಮೋಹನ್ ಸಿಂಗ್ ಸರ್ಕಾರ ಎಂಟು ಅಭಿಯಾನಗಳ ರಾಷ್ಟ್ರೀಯ ಕ್ರಿಯಾ ಯೋಜನೆ ತಂದಿತು. ಸೌರಶಕ್ತಿ, ನೀರು, ಕೃಷಿ, ಹಸಿರು ಭಾರತ ಎಲ್ಲ ಅದರಲ್ಲಿವೆ. 2015ರ ಪ್ಯಾರಿಸ್ ಹವಾಮಾನ ಒಪ್ಪಂದದ ಹೊತ್ತಿಗೆ ಭಾರತ ತನ್ನ ಪಾಲಿನ ಗುರಿಗಳ ಮಾತು ಕೊಟ್ಟಿತು. 2021ರಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿ ಮೋದಿ 2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆ, ಅಂದರೆ ಉಗುಳಿದಷ್ಟನ್ನೂ ವಾಪಸ್ ಹೀರಿಕೊಳ್ಳುವುದು, ಅಂತ ಗುರಿ ಘೋಷಿಸಿದರು. 2030ರೊಳಗೆ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ಅನಿಲ ಬಿಟ್ಟು ಬೇರೆ ಮೂಲದಿಂದ ಬರಬೇಕು ಅನ್ನುವ ಗುರಿ 2025ರಲ್ಲೇ ಮುಟ್ಟಿತು. ಐದು ವರ್ಷ ಮುಂಚೆ. ಇದು ಸಣ್ಣ ಸಾಧನೆ ಅಲ್ಲ.

ಆದರೂ ಇಲ್ಲೇ ಅಳತೆಯ ಮಾತು ಬರುತ್ತದೆ. ಸ್ಥಾಪಿತ ಸಾಮರ್ಥ್ಯ ಬೇರೆ, ನಿಜವಾಗಿ ಉತ್ಪಾದನೆಯಾದ ಯೂನಿಟ್ ಬೇರೆ. ಸೌರ ಫಲಕ ರಾತ್ರಿ ಕೆಲಸ ಮಾಡಲ್ಲ. ಇವತ್ತಿಗೂ ನಮ್ಮ ಮನೆಗೆ ಬರುವ ಕರೆಂಟಿನಲ್ಲಿ ಬಹುಪಾಲು ಕಲ್ಲಿದ್ದಲಿನದೇ. ಮೆಗಾವ್ಯಾಟ್ ಎಣಿಸುವುದು ಸುಲಭ, ಸಮ್ಮೇಳನದಲ್ಲಿ ಹೇಳುವುದೂ ಸುಲಭ. ಅದಕ್ಕೇ ದೇಶದ ಹವಾಮಾನ ನೀತಿ ಅಂದರೆ ಮೆಗಾವ್ಯಾಟ್ ಅನ್ನುವಂತೆ ಆಗಿಬಿಟ್ಟಿದೆ.

ಆ ಮೆಗಾವ್ಯಾಟ್ ನಮ್ಮ ಜಿಲ್ಲೆಯಲ್ಲೇ ಇದೆ. ಪಾವಗಡ ತಾಲ್ಲೂಕು ನಾಗಲಮಡಿಕೆ ಹೋಬಳಿ. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು. ಈ ಐದು ಊರುಗಳ ಸುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್. 2018ರ ಮಾರ್ಚ್‌ನಲ್ಲಿ ಶುರುವಾಯಿತು, 2019ರ ಕೊನೆಗೆ ಪೂರ್ತಿಯಾಯಿತು. 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟ್ ತಂದಿದ್ದರು. ನಮ್ಮ ಬಯಲುಸೀಮೆಗೆ ಕರೆಂಟ್ ಯಾವಾಗಲೂ ಬೇರೆ ಕಡೆಯಿಂದ ಬರಬೇಕಿತ್ತು. ಈಗ ಇಲ್ಲಿಂದ ಹೋಗುತ್ತದೆ. ನನಗೆ ಇದು ಹೆಮ್ಮೆಯ ಸಂಗತಿ.

ಪಾವಗಡದಲ್ಲಿ ಮಾಡಿದ ಒಂದು ಕೆಲಸವನ್ನು ಬೇರೆ ರಾಜ್ಯಗಳೂ ನೋಡಬೇಕು. ಅಲ್ಲಿ ರೈತರಿಂದ ಭೂಮಿ ಕಿತ್ತುಕೊಳ್ಳಲಿಲ್ಲ. 28 ವರ್ಷಕ್ಕೆ ಗುತ್ತಿಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಕಡಲೆಕಾಯಿ ಬಿತ್ತಿ, ಬೀಜದ ಕಾಸೂ ಹುಟ್ಟದೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಮನೆಗಳಿಗೆ ಇದು ಮಳೆಯನ್ನು ನಂಬಬೇಕಾಗಿಲ್ಲದ ಮೊದಲ ಆದಾಯ. ಹತ್ತು ಎಕರೆ ಇದ್ದವರ ಮನೆ ನಿಂತುಕೊಂಡಿತು.

ಭೂಮಿ ಇಲ್ಲದವರದು ಬೇರೆ ಕಥೆ. ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಹೋಗುತ್ತಿದ್ದ ಹೆಂಗಸರಿಗೆ ಆ ಕೂಲಿ ಹೋಯಿತು. ಕುರಿ ಮೇಯುತ್ತಿದ್ದ ಬಯಲಿಗೆ ತಂತಿ ಬೇಲಿ ಬಂತು. ಕೆಲವರಿಗೆ ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಸಿಕ್ಕಿತು. ಎಲ್ಲರಿಗೂ ಸಿಗಲಿಲ್ಲ. ಗುತ್ತಿಗೆ ಬರೆಯುವಾಗ ಪಹಣಿ ನೋಡಿದರು. ಪಹಣಿಯಲ್ಲಿ ಹೆಸರು ಇಲ್ಲದವರು ಆ ಮಣ್ಣಿನಿಂದ ಎಷ್ಟು ದಿನದ ಅನ್ನ ತಿನ್ನುತ್ತಿದ್ದರು ಅನ್ನುವುದನ್ನು ಯಾರೂ ಅಳೆಯಲಿಲ್ಲ. ಎಕರೆಗೆ ಬಾಡಿಗೆ ಕೊಟ್ಟ ಹಾಗೆ ಊರಿನ ಕೂಲಿಯವರಿಗೂ ಒಂದು ಪಾಲು ಇಡುವುದು ಕಷ್ಟದ ಕೆಲಸ ಆಗಿರಲಿಲ್ಲ. ಮುಂದೆ ಇಂಥ ಪಾರ್ಕ್ ಎಲ್ಲೇ ಬಂದರೂ ಮೊದಲು ಕೇಳಬೇಕಾದ್ದು ಇದನ್ನು.

ಮರದ ಲೆಕ್ಕದಲ್ಲೂ ಇದೇ ಆಗಿದೆ. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಕೋಲಾರದ ತುಂಬ ನೀಲಗಿರಿ ನೆಟ್ಟರು. ಗಿಡದ ಸಂಖ್ಯೆ ಏರಿತು, ಗುರಿ ಮುಟ್ಟಿತು. ರಾಗಿ ಬೆಳೆಯುತ್ತಿದ್ದ ಹೊಲಗಳೇ ತೋಪಾದವು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಬೇಕಾಯಿತು. ಈಗಲೂ ದೇಶದ ಅರಣ್ಯ ಸಮೀಕ್ಷೆ ಒಂದು ಹೆಕ್ಟೇರ್‌ಗಿಂತ ದೊಡ್ಡ ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ದರೆ ಸಾಕು, ಅದನ್ನು ಅರಣ್ಯ ಹೊದಿಕೆ ಅಂತ ಎಣಿಸುತ್ತದೆ. ಹೊಂಗೆಯೋ, ಹುಣಸೆಯೋ, ನೀಲಗಿರಿಯೋ ಕೇಳಲ್ಲ. ಪ್ಯಾರಿಸ್‌ನಲ್ಲಿ ಕೊಟ್ಟ ಮಾತಿನ ಪ್ರಕಾರ ಮರಗಳ ಮೂಲಕ ಕೋಟಿಗಟ್ಟಲೆ ಟನ್ ಇಂಗಾಲ ಹಿಡಿದಿಡಬೇಕಲ್ಲ, ಅದರ ಲೆಕ್ಕವೂ ಇದೇ ಮರಗಳಿಂದ ಬರುತ್ತದೆ.

ಬರ ಪರಿಹಾರದ ಹಣದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು. ರಾಜಕೀಯ ಜಾಸ್ತಿ ನಡೆದಿದ್ದು ಇಲ್ಲಿ. 2023ರ ಸೆಪ್ಟೆಂಬರ್ 13ರಂದು ಕರ್ನಾಟಕ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಆಮೇಲೆ ಅದು 223ಕ್ಕೆ ಏರಿತು. ಅಂದರೆ ಹೆಚ್ಚುಕಡಿಮೆ ಇಡೀ ರಾಜ್ಯ. ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ. ತಿಂಗಳುಗಟ್ಟಲೆ ಪತ್ರ ಹೋದವು, ತಂಡ ಬಂದು ಹೋಯಿತು, ಹಣ ಬರಲಿಲ್ಲ. 2024ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ, ಮಂತ್ರಿಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಬರದ ದುಡ್ಡಿಗಾಗಿ ರಾಜ್ಯವೊಂದು ಕೇಂದ್ರದ ಮೇಲೆ ಕೋರ್ಟಿಗೆ ಹೋಗುವ ಪರಿಸ್ಥಿತಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರೂ ಜಿಲ್ಲೆ ಲೋಕಸಭೆಗೆ ಮತ ಹಾಕಿದ್ದು ಏಪ್ರಿಲ್ 26ಕ್ಕೆ. ಅದರ ಆಸುಪಾಸಿನಲ್ಲೇ ಸುದ್ದಿ ಬಂತು, 3,454 ಕೋಟಿ ಬಿಡುಗಡೆ.

18,171 ಕೇಳಿದರೆ 3,454 ಕೊಟ್ಟರು ಅನ್ನುವುದು ಒಂದು ಕಡೆಯ ಭಾಷಣ. ನಿಯಮದ ಪ್ರಕಾರವೇ ಕೊಟ್ಟಿದ್ದೇವೆ ಅನ್ನುವುದು ಇನ್ನೊಂದು ಕಡೆಯದು. ಒಳಗೆ ನೋಡಿದರೆ ಬೆಳೆ ನಷ್ಟಕ್ಕೆ ಕೇಳಿದ್ದು ಸುಮಾರು 4,663 ಕೋಟಿ. ಜೀವನೋಪಾಯ ಕಳೆದುಕೊಂಡ ಕುಟುಂಬಗಳ ನೆರವಿಗೆ ಕೇಳಿದ್ದು 12,577 ಕೋಟಿ. ಜಗಳ ಇದ್ದದ್ದು ಹೆಚ್ಚಾಗಿ ಈ ಎರಡನೇ ಭಾಗದ ಮೇಲೆ. ಬೆಳೆ ಹೋದದ್ದನ್ನು ಸರ್ವೆ ನಂಬರ್ ಹಿಡಿದು ಅಳೆಯಬಹುದು. ಬದುಕು ಹೋದದ್ದನ್ನು ಅಳೆಯಲು ಒಪ್ಪಿತವಾದ ಮೀಟರ್ ಇಲ್ಲ. ಪಾವಗಡದ ಕೂಲಿ ಹೆಂಗಸಿಗೆ ಆಗಿದ್ದೂ ಇದೇ ಅಲ್ವಾ?

ಕೇಂದ್ರದ ಬರ ಕೈಪಿಡಿ 2016ರದು, ಆಮೇಲೆ ತಿದ್ದುಪಡಿ ಆಗಿದೆ. ಅದರಲ್ಲಿ ಮಳೆ ಕೊರತೆಯ ಜೊತೆಗೆ, ಮಳೆ ಬಿಡುವು ಕೊಟ್ಟ ವಾರಗಳನ್ನೂ ನೋಡುತ್ತಾರೆ. ಈ ಮಟ್ಟಿಗೆ ಕೈಪಿಡಿ ಸರಿಯಾಗಿದೆ. ಅದು ದಾಟಿದ ಮೇಲೆ ಬಿತ್ತನೆ ಎಷ್ಟಾಗಿದೆ, ಉಪಗ್ರಹಕ್ಕೆ ಹಸಿರು ಎಷ್ಟು ಕಾಣುತ್ತದೆ, ಮಣ್ಣಿನ ತೇವ ಎಷ್ಟು, ಕೆರೆ, ಅಂತರ್ಜಲ ಎಷ್ಟು ಅಂತ ಪರೀಕ್ಷೆ. ಆಮೇಲೆ ಶೇ 10ರಷ್ಟು ಹಳ್ಳಿಗೆ ಹೋಗಿ ಖಾತ್ರಿ ಮಾಡಿಕೊಳ್ಳಬೇಕು. ಬರ 'ತೀವ್ರ' ಅಂತ ಆದರೆ ಮಾತ್ರ ರಾಷ್ಟ್ರೀಯ ವಿಪತ್ತು ನಿಧಿಯ ಬಾಗಿಲು ತೆಗೆಯುತ್ತದೆ. ಈಗ ನಮ್ಮ ಚಿಕ್ಕಪ್ಪನ ಹೊಲವನ್ನು ಈ ಪರೀಕ್ಷೆಗೆ ಕೂರಿಸಿ. ಬಿತ್ತನೆ ಆಗಿದೆಯಾ? ಆಗಿದೆ, ಜುಲೈ ಮಳೆ ನಂಬಿ ಪೂರ್ತಿ ಬಿತ್ತಿದ್ದರು. ಹಸಿರು ಕಾಣುತ್ತಾ? ಕಾಣುತ್ತೆ. ರೈತ ಆಸೆ ಬಿಡದೆ ಬಿತ್ತಿದ್ದೇ ಅವನಿಗೆ ಮುಳುವಾಗುವಂಥ ಅಳತೆ ಇದು. ತೆನೆ ಕಿತ್ತು ಉಜ್ಜಿ ನೋಡಿದರೆ ಮಾತ್ರ ಗೊತ್ತಾಗುವ ಸತ್ಯ ಮೇಲಿನಿಂದ ಕಾಣಲ್ಲ.

ಕೊನೆಗೆ ಕೈಗೆ ಬಂದದ್ದು ಎಷ್ಟು? ಮಳೆಯಾಶ್ರಿತ ಬೆಳೆಗೆ ನಿಯಮದಂತೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರ್‌ವರೆಗೆ. ಎಕರೆಗೆ ಸುಮಾರು 3,440. ಅದರಲ್ಲಿ ರೈತರೊಬ್ಬರಿಗೆ 2,000ದವರೆಗೆ ರಾಜ್ಯ ಸರ್ಕಾರ ಮುಂಚೆಯೇ ಮೊದಲ ಕಂತಾಗಿ ಹಾಕಿತ್ತು. ಉಳುಮೆಯ ಟ್ರ್ಯಾಕ್ಟರ್ ಬಾಡಿಗೆ, ಬೀಜ, ಗೊಬ್ಬರ, ಕಳೆ ಕೂಲಿ ಕೂಡಿಸಿದರೆ ಆ ದುಡ್ಡು ಯಾವ ಮೂಲೆಗೆ?

2024ರ ನವೆಂಬರ್‌ನಲ್ಲಿ ಬಾಕುವಿನಲ್ಲಿ ಜಾಗತಿಕ ಹವಾಮಾನ ಸಮ್ಮೇಳನ ನಡೆಯಿತು. ಬಡ ದೇಶಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದವು. ಶ್ರೀಮಂತ ದೇಶಗಳು ಮುಂದಾಳತ್ವ ವಹಿಸಿ 2035ರೊಳಗೆ ವರ್ಷಕ್ಕೆ 30,000 ಕೋಟಿ ಡಾಲರ್ ಒದಗಿಸುವುದು ಅಂತ ತೀರ್ಮಾನ ಆಯಿತು. ಭಾರತ ಅಲ್ಲೇ ಎದ್ದು ಬಲವಾಗಿ ಆಕ್ಷೇಪ ಹೇಳಿತು. ಸರಿಯಾಗಿಯೇ ಹೇಳಿತು. ಅದನ್ನು ಓದುವಾಗ ನನಗೆ ನಮ್ಮ 18,171 ಮತ್ತು 3,454 ನೆನಪಾಯಿತು. ಜಗತ್ತಿನ ಮುಂದೆ ನಾವು ಕೇಳುವ ನ್ಯಾಯವನ್ನು ದೆಹಲಿಯು ರಾಜ್ಯಕ್ಕೆ, ರಾಜ್ಯವು ತಾಲ್ಲೂಕಿಗೆ, ಬೆಂಗಳೂರು ಕೋಲಾರಕ್ಕೆ ಕೊಡಬೇಕಲ್ಲ?

ಬೆಂಗಳೂರು, ಕೋಲಾರ ಅಂದೆ. ಅದು ನೀರಿನ ಮಾತು. ಪಶ್ಚಿಮ ಘಟ್ಟದ ಹಳ್ಳಗಳ ನೀರನ್ನು ಕೋಲಾರದ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ 2012ರಲ್ಲಿ ಅಂದಾಜು ಮಾಡಿದ್ದು 8,323 ಕೋಟಿ ರೂಪಾಯಿ. ಈಗ ಅದು 23,251 ಕೋಟಿ. 2024ರ ಗೌರಿ ಹಬ್ಬದ ದಿನ ಸಕಲೇಶಪುರದ ಬಳಿ ಮೊದಲ ಹಂತ ಉದ್ಘಾಟನೆ ಆಯಿತು. 24.01 ಟಿಎಂಸಿ ನೀರು ಸಿಗುತ್ತದೆ ಅನ್ನುವುದು ಸರ್ಕಾರದ ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಲೆಕ್ಕ ಹಾಕಿದಾಗ ಸಿಕ್ಕಿದ್ದು 9.55 ಟಿಎಂಸಿ. ಯಾರ ಲೆಕ್ಕ ಸರಿ ಅನ್ನುವ ಜಗಳ ವರ್ಷಗಳಿಂದ ನಡೆದಿದೆ. ನನಗೆ ಕಾಡುವುದು ಬೇರೆ. ಎರಡೂ ಲೆಕ್ಕ ನಿಂತಿರುವುದು ಹಿಂದಿನ ವರ್ಷಗಳ ಮಳೆಯ ಮೇಲೆ. ಪಶ್ಚಿಮ ಘಟ್ಟದಲ್ಲಿ ಮುಂಗಾರು ಇಳಿಯುತ್ತಿದೆ ಅಂತ ಕೇಂದ್ರದ ಅದೇ 2020ರ ವರದಿ ಹೇಳುತ್ತದೆ. ಘಟ್ಟದಲ್ಲೂ ಮಳೆ ಹೊಡೆತವಾಗಿ ಬಂದು ಮಧ್ಯೆ ಬಿಡುವು ಕೊಟ್ಟರೆ ಕಾಲುವೆಗೆ ಸಿಗುವ ನೀರೆಷ್ಟು? ಇಷ್ಟು ದೊಡ್ಡ ಯೋಜನೆಗೆ ಈ ಪ್ರಶ್ನೆಯನ್ನು ಮೊದಲೇ ಕೇಳಬೇಕಿತ್ತು.

ಇದರ ಪಕ್ಕದಲ್ಲಿ ಕೆ.ಸಿ. ವ್ಯಾಲಿ ಇಡಿ. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡುವ ಯೋಜನೆ. ದಿನಕ್ಕೆ 44 ಕೋಟಿ ಲೀಟರ್ ಗುರಿ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು, ಮರುತಿಂಗಳೇ ನೊರೆಯೂ ಕಂಡಿತು. ಪ್ರಕರಣ ಹೈಕೋರ್ಟ್, ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಅನ್ನುವುದು ಜನರ ಕೂಗು. ಆ ಕೂಗು ನ್ಯಾಯವಾದದ್ದು. ನಮ್ಮ ಮಕ್ಕಳು ಕುಡಿಯುವುದು ಕೊನೆಗೆ ಅದೇ ಅಂತರ್ಜಲವನ್ನು. ಆದರೂ ಇದೊಂದು ನೀರು ಮಳೆಯನ್ನು ಕೇಳಲ್ಲ. ಬೆಂಗಳೂರು ಸ್ನಾನ ಮಾಡುವವರೆಗೂ ಬರುತ್ತದೆ. ಬರದ ವರ್ಷವೂ ಕೆರೆಯಲ್ಲಿ ನೀರು ನಿಂತಿತು, ಸಾವಿರಾರು ಅಡಿಗೆ ಇಳಿದಿದ್ದ ಕೊಳವೆಬಾವಿಗಳ ಕಡೆ ನೀರು ಮೇಲೆ ಬಂತು. ಯಾವ ಹವಾಮಾನ ಯೋಜನೆಯ ಹೆಸರಲ್ಲೂ ಹುಟ್ಟದ ಈ ಕೆಲಸ, ಹವಾಮಾನ ಬದಲಾವಣೆಗೆ ಕೋಲಾರ ಕೊಟ್ಟ ಅತಿ ದೊಡ್ಡ ಉತ್ತರ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ಅದನ್ನು ಪೂರ್ತಿ ಶುದ್ಧ ಮಾಡಿ ಕೊಡುವುದಕ್ಕೆ ದುಡ್ಡು ಹಾಕಬೇಕು.

ಮೇಲೆ ಬಂದ ನೀರನ್ನು ಮತ್ತೆ ಖಾಲಿ ಮಾಡುವ ದಾರಿಯೂ ನಮ್ಮಲ್ಲಿದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಎತ್ತಿದ ನೀರಿಗೆ ಲೆಕ್ಕವಿಲ್ಲ. 2019ರಿಂದ ಬಂದ ಕುಸುಮ್ ಯೋಜನೆಯಲ್ಲಿ ಪಂಪ್‌ಗೂ ಬಿಸಿಲೇ ಕರೆಂಟ್. ರಾತ್ರಿ ಹೊಲಕ್ಕೆ ಹೋಗಿ ಮೋಟರ್ ಹಾಕುವ ಕಷ್ಟ ತಪ್ಪಿದರೆ ಅದು ಒಳ್ಳೆಯದೇ. ಆದರೆ ಎಷ್ಟು ಪಂಪ್ ಕೂರಿಸಿದೆವು ಅಂತ ಎಣಿಸುವವರು, ಅವು ಎಷ್ಟು ನೀರು ಎತ್ತಿದವು ಅಂತಲೂ ಎಣಿಸಬೇಕು.

ಬಿಸಿಲಿನ ಬಗ್ಗೆ ಎರಡು ಮಾತು. ರೇಷ್ಮೆ ಹುಳಕ್ಕೆ 24ರಿಂದ 28 ಡಿಗ್ರಿ ಹದ. ಶಿಡ್ಲಘಟ್ಟದ ಕಡೆ ಏಪ್ರಿಲ್‌ನಲ್ಲಿ ಹುಳು ಮನೆಯ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿರುತ್ತಾರೆ, ಅದು ಒಣಗಿದ ಹಾಗೆಲ್ಲ ಮನೆಯ ಹೆಂಗಸರು ನೀರು ಚಿಮುಕಿಸುತ್ತಾರೆ. ಒಂದು ಬೆಳೆ ಹೋದರೆ ಸೊಪ್ಪಿನ ದುಡ್ಡು, ಮೊಟ್ಟೆಯ ದುಡ್ಡು, ತಿಂಗಳ ದುಡಿಮೆ ಎಲ್ಲ ಹೋಯಿತು. ಕೇಂದ್ರದ ವಿಪತ್ತು ಪಟ್ಟಿಯಲ್ಲಿ ಬರ, ಪ್ರವಾಹ, ಆಲಿಕಲ್ಲು, ಕೀಟಬಾಧೆ, ಶೀತಗಾಳಿ ಕೂಡ ಇವೆ. ಬಿಸಿಗಾಳಿ ಬಹಳ ಕಾಲ ಆ ಪಟ್ಟಿಯ ಹೊರಗೇ ಉಳಿಯಿತು. 2024ರಲ್ಲಿ ಸುಪ್ರೀಂ ಕೋರ್ಟ್, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಮುಕ್ತವಾಗಿರುವುದು ಸಂವಿಧಾನದ 14 ಮತ್ತು 21ನೇ ವಿಧಿಯಡಿ ಬರುವ ಹಕ್ಕು ಅಂತ ಹೇಳಿದೆ. ಆ ತೀರ್ಪು ಗೋಣಿತಾಟಿನವರೆಗೆ ಬಂದು ಮುಟ್ಟಲು ಇನ್ನೂ ದೂರ ಇದೆ.

ಹೊಂದಿಕೊಂಡು ಬದುಕುವುದಕ್ಕೆ ದೇಶ ಎಷ್ಟು ಖರ್ಚು ಮಾಡುತ್ತಿದೆ? ಸರ್ಕಾರದ ಲೆಕ್ಕದಲ್ಲಿ 2021-22ರಲ್ಲಿ ಇದು ಜಿಡಿಪಿಯ ಶೇ 5.6. ಕೇಳಲು ದೊಡ್ಡ ಸಂಖ್ಯೆ. ಆದರೆ ಕೃಷಿ, ನೀರು, ಆರೋಗ್ಯ ಹೀಗೆ ಹೇಗೂ ಮಾಡಲೇಬೇಕಾದ ಖರ್ಚೂ ಅದರೊಳಗೆ ಸೇರಿದೆ. ಇದಕ್ಕೆಂದೇ 2015ರಲ್ಲಿ ತಂದ ರಾಷ್ಟ್ರೀಯ ಹೊಂದಾಣಿಕೆ ನಿಧಿಯಲ್ಲಿ ಇಡೀ ದೇಶಕ್ಕೆ ಒಪ್ಪಿಗೆ ಸಿಕ್ಕಿದ್ದು 30 ಯೋಜನೆ, ಸುಮಾರು 847 ಕೋಟಿ. ಪಾವಗಡದ ಸೋಲಾರ್ ಪಾರ್ಕ್ ಒಂದಕ್ಕೇ ಸುಮಾರು 14,800 ಕೋಟಿ. ಪಾರ್ಕಿಗೆ ಹಾಕಿದ ದುಡ್ಡು ಕರೆಂಟ್ ಮಾರಿ ವಾಪಸ್ ಬರುತ್ತದೆ, ಹೊಂದಾಣಿಕೆಯ ದುಡ್ಡು ಹಾಗೆ ಬರಲ್ಲ. ಅದು ಒಪ್ಪುವ ಮಾತೇ. ವಾಪಸ್ ಬರಲ್ಲ ಅನ್ನುವುದಕ್ಕೇ ಅಲ್ಲಿ ಸರ್ಕಾರ ನಿಲ್ಲಬೇಕು, ಅಲ್ಲಿಗೆ ಖಾಸಗಿಯವರು ಬರಲ್ಲ.

ಹೊಂದಾಣಿಕೆ ಅಂದರೆ ಏನು ಅಂತ ನೋಡಲು ದೂರ ಹೋಗಬೇಕಿಲ್ಲ. ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯನ್ನು ಭಾರತೀಯ ಕೃಷಿ ಸಂಶೋಧನಾ ಮಂಡಳಿ 2011ರಲ್ಲಿ ಶುರು ಮಾಡಿದ ನಿಕ್ರಾ ಅನ್ನುವ, ಹವಾಮಾನಕ್ಕೆ ಹೊಂದಿಕೊಳ್ಳುವ ಕೃಷಿಯ ಯೋಜನೆಗೆ ಆರಿಸಿಕೊಂಡಿತು. ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರು ಅಲ್ಲಿ ಕೆಲಸ ಮಾಡಿದರು. ಇಳಿಜಾರಿಗೆ ಅಡ್ಡ ಬದು, ಬದುವಿನ ಪಕ್ಕ ಕಾಲುವೆ, ಕೃಷಿ ಹೊಂಡ, ಬೇಗ ಬರುವ ಎಂಎಲ್-365 ರಾಗಿ ತಳಿ. ಇವು ಯಾವುವೂ ಕಣ್ಣು ಕುಕ್ಕುವ ಕೆಲಸಗಳಲ್ಲ. ಆದರೆ ಹೊಂಡದ ಲೆಕ್ಕ ನೋಡಿ. ರಾಗಿ ತೆನೆ ಒಡೆದು ಹಾಲು ತುಂಬುವ ಹೊತ್ತಿಗೆ ಒಂದು ಸಲ, ಹೆಚ್ಚಂದರೆ ಎರಡು ಸಲ ನೀರು ಕೊಟ್ಟರೆ ಬೆಳೆ ಉಳಿಯುತ್ತದೆ. ಜುಲೈನಲ್ಲಿ ಹೊಡೆದು ಹೋದ ಮಳೆಯನ್ನು ಹಿಡಿದಿಟ್ಟು ಆಗಸ್ಟಿಗೆ ಕೊಡುವ ಕೆಲಸ ಅದು. 2014ರಲ್ಲಿ ಬಂದ ರಾಜ್ಯದ ಕೃಷಿ ಭಾಗ್ಯ ಯೋಜನೆಯಲ್ಲೂ ಇಂಥ ಹೊಂಡಗಳು ಸಾವಿರಗಟ್ಟಲೆ ಆದವು. ಎಷ್ಟು ತೋಡಿದರು ಅನ್ನುವುದು ಕಡತದಲ್ಲಿ ಇರುತ್ತದೆ. ಬರದ ವರ್ಷ ಎಷ್ಟು ಹೊಂಡದ ನೀರು ಎಷ್ಟು ಎಕರೆ ಉಳಿಸಿತು ಅಂತ ಬರೆದಿಡುವವರು ಬೇಕು.

ನಮ್ಮ ಅಜ್ಜಿ ಇದನ್ನೇ ಬೇರೆ ಥರ ಮಾಡುತ್ತಿದ್ದರು. ಅಕ್ಕಡಿ ಸಾಲು. ರಾಗಿ ನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ರಾಗಿ ಹೋದರೆ ಅವರೆ ಬರುತ್ತಿತ್ತು. ಮಳೆ ತಡವಾದರೆ ತೊಗರಿ ಬರುತ್ತಿತ್ತು. ಟ್ರ್ಯಾಕ್ಟರ್, ಕಳೆನಾಶಕ ಬಂದ ಮೇಲೆ ನಮ್ಮ ಹೊಲದಲ್ಲಿ ಅಕ್ಕಡಿ ನಿಂತುಹೋಯಿತು. 2024ರಿಂದ ಚಿಕ್ಕಪ್ಪ ಒಂದು ಎಕರೆಯಲ್ಲಿ ಮತ್ತೆ ಹಾಕುತ್ತಿದ್ದಾರೆ.

ಅಳೆಯುವ ಉಪಕರಣ ಇಲ್ಲ ಅಂತಲೂ ಹೇಳುವ ಹಾಗಿಲ್ಲ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದ ತುಂಬ ಸುಮಾರು 6,500 ಮಳೆ ಮಾಪಕ ಇಟ್ಟಿದೆ. ಗ್ರಾಮ ಪಂಚಾಯಿತಿಗೆ ಒಂದರಂತೆ. ಪ್ರತಿ 15 ನಿಮಿಷಕ್ಕೆ ಲೆಕ್ಕ ಹೋಗುತ್ತದೆ. ದೇಶದಲ್ಲಿ ಇಷ್ಟು ಒತ್ತಾಗಿ ಮಳೆ ಅಳೆಯುವ ರಾಜ್ಯಗಳು ಕಡಿಮೆ. ಯಾವ ಪಂಚಾಯಿತಿಯಲ್ಲಿ ತೆನೆ ಒಡೆಯುವ ಹೊತ್ತಿಗೆ ಎಷ್ಟು ದಿನ ಮಳೆ ಇರಲಿಲ್ಲ ಅನ್ನುವುದು ಆ ಕಂಪ್ಯೂಟರ್‌ನಲ್ಲಿ ಇದೆ. ಬಿತ್ತಿದ ದಿನ ಹಿಡಿದು, ಬೆಳೆಯ ಹಂತ ಹಿಡಿದು, ಒಣಗಿದ ದಿನಗಳನ್ನು ಎಣಿಸಿ, ಅದರ ಮೇಲೆ ಬರ ಘೋಷಣೆ, ಪರಿಹಾರ, ವಿಮೆ ಮೂರನ್ನೂ ನಿಲ್ಲಿಸಬಹುದು. ಉಪಗ್ರಹದ ಹಸಿರಿಗಿಂತ ಅದು ರೈತನಿಗೆ ಹತ್ತಿರದ ಲೆಕ್ಕ. ಅದನ್ನು ಕೈಪಿಡಿಯಲ್ಲಿ ಬರೆಸುವುದಕ್ಕೆ ನಮ್ಮ ಸಂಸದರು, ಶಾಸಕರು ಯಾವ ಪಕ್ಷದವರೇ ಆಗಲಿ ಒಟ್ಟಿಗೆ ದೆಹಲಿಗೆ ಹೋಗಬೇಕು.

ಚಿಕ್ಕಪ್ಪನ ಮನೆಯ ನಡುಮನೆ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತದೆ. ಮಳೆ ಬಂದ ದಿನಕ್ಕೆ ಪೆನ್ನಿನಲ್ಲಿ ಸುತ್ತು ಹಾಕುವುದು ಅವರ ರೂಢಿ. ಎಷ್ಟು ಬಂತು ಅಂತ ಬರೆಯಲ್ಲ. ಹದ ಆಗಿದ್ದರೆ ಸುತ್ತು, ಬರೀ ಧೂಳು ಅಡಗಿದ್ದರೆ ಒಂದು ಚುಕ್ಕೆ. ಹಳೇ ಕ್ಯಾಲೆಂಡರ್‌ಗಳನ್ನು ಎಸೆಯದೆ ಅಟ್ಟದ ಮೇಲೆ ಸುತ್ತಿ ಇಟ್ಟಿದ್ದಾರೆ. ಹೋದ ಸಲ ಊರಿಗೆ ಹೋದಾಗ 2023ರದನ್ನು ಇಳಿಸಿ ಬಿಚ್ಚಿ ನೋಡಿದೆ. ಜುಲೈ ಪುಟದಲ್ಲಿ ಒಂಬತ್ತು ಸುತ್ತು. ಆಗಸ್ಟ್ ಪುಟದಲ್ಲಿ ಮೂರು ಚುಕ್ಕೆ.